ಹಣದುಬ್ಬರ ಶೇ. 0.25 ಅಂದರು, ನಮ್ಮ ಮನೆ ಖರ್ಚು ಮಾತ್ರ ಯಾಕೆ ಏರಿತು?

ಪ್ರಶ್ನೆ: ಮೇಷ್ಟ್ರೇ, ನಾವು ದಾವಣಗೆರೆ ನಿಟುವಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನರು ಎಪಿಎಂಸಿಯ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2020ರ ಜನವರಿಯಲ್ಲಿ ಸಂಬಳ 18,000 ಇತ್ತು, ಈಗ 22,000. ಹಣದುಬ್ಬರ 2025ರ ಅಕ್ಟೋಬರ್‌ನಲ್ಲಿ ಶೇ. 0.25ಕ್ಕೆ ಇಳಿಯಿತು ಅಂತ ಪೇಪರ್‌ನಲ್ಲಿ ಬಂದಿತ್ತು. ಸಂಬಳ ಜಾಸ್ತಿ ಮಾಡಿ ಅಂತ ಕೇಳಿದರೆ ಮಾಲೀಕರು ಅದನ್ನೇ ಹೇಳಿದರಂತೆ: "ಬೆಲೆನೇ ಏರಿಲ್ಲ, ಸಂಬಳ ಯಾಕೆ ಏರಿಸಬೇಕು?" ನಾನು ಮನೆ ಖರ್ಚಿನ ಪುಸ್ತಕ ಇಡುತ್ತೇನೆ. 2024 ಮತ್ತು 2025ರ ಅಕ್ಟೋಬರ್ ಪುಟಗಳನ್ನು ಕಳಿಸಿದ್ದೇನೆ. ಸರ್ಕಾರದ ಲೆಕ್ಕ ಸುಳ್ಳೋ, ನನ್ನ ಲೆಕ್ಕ ತಪ್ಪೋ ಹೇಳಿ.

ಉತ್ತರ: ಎರಡೂ ಸರಿ ಇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನಿಮ್ಮ ಯಜಮಾನರು ಸಂಬಳ ಕೇಳಿದ್ದು ನ್ಯಾಯವೇ ಅನ್ನುವುದು ಸರ್ಕಾರದ ಅಂಕಿಯಿಂದಲೇ ಗೊತ್ತಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದೇ ಪ್ರಶ್ನೆಯನ್ನು ಊರಿನಲ್ಲಿ ತುಂಬ ಜನ ಕೇಳುತ್ತಿದ್ದಾರೆ. ಪುಸ್ತಕ ಇಟ್ಟು ಕೇಳಿದವರು ಮಾತ್ರ ಕಡಿಮೆ.

ಮೊದಲು ನಿಮ್ಮ ಪುಸ್ತಕವನ್ನೇ ನೋಡೋಣ. 2024ರ ಅಕ್ಟೋಬರ್‌ನಲ್ಲಿ ಬಾಡಿಗೆ 6,000, ದಿನಸಿ 5,200, ತರಕಾರಿ 1,800, ಹಾಲು 1,900, ಮಗಳ ಓದು 3,500, ಅತ್ತೆಯವರ ಡಾಕ್ಟರ್ ಫೀಸು ಮತ್ತು ಮಾತ್ರೆ 1,300, ಗ್ಯಾಸ್ 820, ಪೆಟ್ರೋಲ್ 1,200, ಮೊಬೈಲ್ 600. ಒಟ್ಟು 22,320 ರೂಪಾಯಿ. ಒಂದು ವರ್ಷದ ನಂತರ ಬಾಡಿಗೆ 6,500, ದಿನಸಿ 5,400, ತರಕಾರಿ 1,400, ಹಾಲು 2,080, ಓದು 4,200, ಡಾಕ್ಟರ್ ಮತ್ತು ಮಾತ್ರೆ 1,450, ಗ್ಯಾಸ್ 870. ಪೆಟ್ರೋಲ್, ಮೊಬೈಲ್ ಹಾಗೇ ಇವೆ. ಒಟ್ಟು 23,700. ಅಂದರೆ 1,380 ರೂಪಾಯಿ ಜಾಸ್ತಿ, ಶೇ. 6.2ರಷ್ಟು. ಪೇಪರ್‌ನಲ್ಲಿ ಬಂದದ್ದು 0.25. ಸಿಟ್ಟು ಬರುವುದು ಸಹಜ.

ಆದರೆ ಏರಿದ್ದು ಎಲ್ಲಿ ಅಂತ ಗಮನಿಸಿ. ದಿನಸಿ 200 ಏರಿದೆ, ಹಾಲು 180 ಏರಿದೆ, ತರಕಾರಿ 400 ಇಳಿದಿದೆ. ಮೂರನ್ನೂ ಕೂಡಿಸಿದರೆ ನಿಮ್ಮ ಅಡುಗೆಮನೆ ಖರ್ಚು 20 ರೂಪಾಯಿ ಕಡಿಮೆಯೇ ಆಗಿದೆ! ದಿನಸಿಯ ಒಳಗೂ ಬೇಳೆ ಅಗ್ಗವಾಗಿದೆ, ಎಣ್ಣೆ ತುಟ್ಟಿಯಾಗಿದೆ ಅಂತ ನೀವೇ ಬರೆದಿದ್ದೀರಿ. ದೇಶದ ಲೆಕ್ಕದಲ್ಲೂ ಆ ತಿಂಗಳು ಹಾಗೇ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಗಿನಿಂದ ಬರುವ ಕಚ್ಚಾ ಅಡುಗೆ ಎಣ್ಣೆಯ ಮೇಲೆ ಶೇ. 20ರಷ್ಟು ಸುಂಕ ಹಾಕಿತು, 2025ರ ಮೇ ಕೊನೆಗೆ ಅದನ್ನು ಅರ್ಧಕ್ಕೆ ಇಳಿಸಿತು. ಆ ನಡುವೆ ಏರಿದ ಎಣ್ಣೆ ಬೆಲೆ ಪೂರ್ತಿ ಕೆಳಗೆ ಬರಲಿಲ್ಲ. ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆ ನಮ್ಮ ಮಗ್ಗುಲಲ್ಲೇ ಇದ್ದರೂ ನಮ್ಮ ಬಹಳಷ್ಟು ಮನೆಗಳಲ್ಲಿ ಕರಿಯುವುದು ಸೂರ್ಯಕಾಂತಿ, ಪಾಮ್ ಎಣ್ಣೆಯಲ್ಲೇ ಅಲ್ವಾ? ಹಾಗಾಗಿ ದೆಹಲಿಯ ಸುಂಕ ನಿಟುವಳ್ಳಿಯ ಬಾಣಲೆಗೂ ತಟ್ಟುತ್ತದೆ.

ಏರಿಕೆಯೆಲ್ಲ ಬಂದದ್ದು ಬಾಡಿಗೆ, ಓದು, ಔಷಧ ಈ ಮೂರರಿಂದ. 500, 700, 150; ಒಟ್ಟು 1,350. ಇನ್ನು 50 ಗ್ಯಾಸ್‌ನದು; ಅಡುಗೆಮನೆಯಲ್ಲಿ ಇಳಿದ 20 ಕಳೆದರೆ ಅದೇ 1,380. ಹಾಗಾಗಿ ತರಕಾರಿ ಹೆಚ್ಚಾಯ್ತು, ಬೇಳೆ ಹೆಚ್ಚಾಯ್ತು ಅಂತ ವಾದ ಮಾಡಿದರೆ ಮಾಲೀಕರು ಗೆಲ್ಲುತ್ತಾರೆ. ವಾದ ನಿಲ್ಲಬೇಕಾದದ್ದು ಸೂರು, ಶಾಲೆ, ಆಸ್ಪತ್ರೆಯ ಮೇಲೆ.

ಇನ್ನು ಸರ್ಕಾರದ ಅಂಕಿಗೆ ಬರೋಣ. ಪ್ರತಿ ತಿಂಗಳು 12ನೇ ತಾರೀಕಿನ ಸುಮಾರಿಗೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಗ್ರಾಹಕ ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ. ನೀವು ಓದಿದ 0.25 ಬಂದದ್ದು 2012ನ್ನು ಆಧಾರ ವರ್ಷವಾಗಿ, ಅಂದರೆ ಆ ವರ್ಷದ ಬೆಲೆಯನ್ನು 100 ಅಂತ ಇಟ್ಟುಕೊಂಡ ಸರಣಿಯಿಂದ. ಆ ಸರಣಿಗೆ ದೇಶದ 1,114 ನಗರ ಮಾರುಕಟ್ಟೆ ಮತ್ತು 1,181 ಹಳ್ಳಿಗಳಿಂದ ಬೆಲೆ ತರುತ್ತಿದ್ದರು. ಒಂದು ಸರಾಸರಿ ಮನೆ ಏನೇನು ಕೊಳ್ಳುತ್ತದೆ ಅಂತ ಸಮೀಕ್ಷೆ ಮಾಡಿ ಒಂದು ಬುಟ್ಟಿ ಕಟ್ಟುತ್ತಾರೆ. ಬುಟ್ಟಿಯ ಪ್ರತಿ ವಸ್ತುವಿಗೂ ಒಂದು ತೂಕ ಕೊಡುತ್ತಾರೆ. ನಂತರ ಅದೇ ಬುಟ್ಟಿಗೆ ಈ ತಿಂಗಳು ಎಷ್ಟು, ಹೋದ ವರ್ಷ ಇದೇ ತಿಂಗಳು ಎಷ್ಟು ಅಂತ ಹೋಲಿಸುತ್ತಾರೆ. ಆ ವ್ಯತ್ಯಾಸವೇ ಹಣದುಬ್ಬರ.

ಬೆಲೆ ತರುವವರು ಮೋಸ ಮಾಡುತ್ತಾರೆ ಅನ್ನುವ ಮಾತು ಆಗಾಗ ಕೇಳುತ್ತೇನೆ. ಅದನ್ನು ನಾನು ಒಪ್ಪುವುದಿಲ್ಲ. ಬೆಲೆ ಸಂಗ್ರಹದ ಕೆಲಸಕ್ಕೆ ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಜೊತೆ ಒಮ್ಮೆ ಮಾರುಕಟ್ಟೆಗೆ ಹೋಗಿದ್ದೆ. ಅವನಿಗೆ ಗೊತ್ತುಮಾಡಿಕೊಟ್ಟ ಅಂಗಡಿಗಳಿದ್ದವು. ಅದೇ ಅಂಗಡಿ, ಅದೇ ದರ್ಜೆಯ ಸೋನಾಮಸೂರಿ, ಬಿಡಿಯಾಗಿ ಮಾರುವ ಅದೇ ತೊಗರಿಬೇಳೆ. ಪಕ್ಕದ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆ ಇದ್ದರೂ ಅದನ್ನು ಬರೆಯುವ ಹಾಗಿಲ್ಲ. ಕೊತ್ತಂಬರಿ ಸೊಪ್ಪಿನ ಹತ್ತಿರ ಬಂದಾಗ ಅಜ್ಜಿ "ಕಟ್ಟಿಗೆ ಹತ್ತು" ಅಂದರು. ಅವನು ಹತ್ತು ಅಂತ ಬರೆದು ಮುಂದೆ ಹೋಗಲಿಲ್ಲ. ಕಟ್ಟನ್ನು ತಕ್ಕಡಿಗೆ ಹಾಕಿಸಿದ. ಹೋದ ಸಲಕ್ಕಿಂತ ಕಟ್ಟು ಸಣ್ಣದಾಗಿತ್ತು. ಬಾಯಲ್ಲಿ ಹೇಳುವ ಬೆಲೆ ಅದೇ ಹತ್ತು, ತೂಕದ ಲೆಕ್ಕದಲ್ಲಿ ಮಾತ್ರ ಸೊಪ್ಪು ತುಟ್ಟಿಯಾಗಿತ್ತು. ಅವನು ಅದನ್ನೇ ಬರೆದುಕೊಂಡ. ಐದು ರೂಪಾಯಿ ಬಿಸ್ಕತ್ ಪ್ಯಾಕೆಟ್‌ನದೂ ಇದೇ ಕಥೆ. ಪ್ಯಾಕೆಟ್ ಮೇಲಿನ ಬೆಲೆ ವರ್ಷಾನುಗಟ್ಟಲೆ ಅಲುಗುವುದಿಲ್ಲ, ಒಳಗಿನ ಗ್ರಾಂ ಇಳಿಯುತ್ತಾ ಹೋಗುತ್ತದೆ. ತೂಕ ನೋಡಿ ಬರೆಯುವವರಿಗೆ ಅದು ಸಿಕ್ಕಿಬೀಳುತ್ತದೆ. ಅವತ್ತಿನಿಂದ ಈ ಕೆಲಸ ಮಾಡುವವರ ಬಗ್ಗೆ ನನಗೆ ಗೌರವ ಜಾಸ್ತಿಯಾಗಿದೆ.

ಹಾಗಾದರೆ ಅಂಕಿ ನಿಮ್ಮ ಮನೆಗೆ ಯಾಕೆ ಹೊಂದುವುದಿಲ್ಲ? ಮುಖ್ಯ ಕಾರಣ ತೂಕ. 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಕ್ಕೆ ನೂರಕ್ಕೆ 45.86 ತೂಕ. ಮನೆ ಬಾಡಿಗೆಗೆ 10.07, ಆರೋಗ್ಯಕ್ಕೆ 5.89, ಶಿಕ್ಷಣಕ್ಕೆ 4.46. ಕೊನೆಯ ಮೂರನ್ನು ಕೂಡಿಸಿ: ಸುಮಾರು 20. ನಿಮ್ಮ ಪುಸ್ತಕದಲ್ಲಿ ಇದೇ ಮೂರು 22,320ರಲ್ಲಿ 10,800 ತಿನ್ನುತ್ತವೆ. ನೂರಕ್ಕೆ 48! ದೇಶದ ಬುಟ್ಟಿಯಲ್ಲಿ ಐದನೇ ಒಂದು ಭಾಗ ಇರುವುದು ನಿಮ್ಮ ಬುಟ್ಟಿಯಲ್ಲಿ ಅರ್ಧಕ್ಕೆ ಹತ್ತಿರ ಇದೆ. ಆ ಅಕ್ಟೋಬರ್‌ನಲ್ಲಿ ದೇಶದಲ್ಲಿ ಇಳಿದದ್ದು ಆಹಾರ; ಬಾಡಿಗೆ, ಓದು, ಆರೋಗ್ಯ ಏರುತ್ತಲೇ ಇದ್ದವು. ಇಳಿದದ್ದರ ಪಾಲು ನಿಮ್ಮ ಮನೆಯಲ್ಲಿ ಕಡಿಮೆ, ಏರಿದ್ದರ ಪಾಲು ಜಾಸ್ತಿ.

ಹಳೆಯ ಸರಣಿಯಲ್ಲಿ ಹಳ್ಳಿಯ ಮನೆ ಬಾಡಿಗೆಗೆ ತೂಕವೇ ಇರಲಿಲ್ಲ. ಹಾಗಾಗಿ ನಗರ, ಹಳ್ಳಿ ಸೇರಿಸಿದಾಗ ಬಾಡಿಗೆಯ ಪಾಲು ಹತ್ತಕ್ಕೆ ಇಳಿಯುತ್ತಿತ್ತು. ನಗರದ್ದನ್ನು ಮಾತ್ರ ನೋಡಿದರೆ 21.67. ಪೇಪರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಎರಡೂ ಸೇರಿದ ಅಂಕಿ. ನಗರದ ಬಾಡಿಗೆದಾರರು ನಗರದ ಅಂಕಿಯನ್ನೇ ಹುಡುಕಿ ನೋಡಬೇಕು, ಅದೂ ಅದೇ ಪ್ರಕಟಣೆಯಲ್ಲಿ ಇರುತ್ತದೆ. ರಾಜ್ಯವಾರು ಅಂಕಿಯೂ ಇರುತ್ತದೆ. ಜಿಲ್ಲೆವಾರು ಇರುವುದಿಲ್ಲ. ದಾವಣಗೆರೆಯದ್ದೇ ಹಣದುಬ್ಬರ ಎಷ್ಟು ಅಂತ ಆ ಪ್ರಕಟಣೆಯಿಂದ ತಿಳಿಯುವುದಿಲ್ಲ.

ತೂಕದ ಬಗ್ಗೆ ಇನ್ನೊಂದು ವಿಷಯ ಇದೆ. ಇದನ್ನು ತರಗತಿಯಲ್ಲಿ ಹೇಳಿದಾಗಲೂ ಮಕ್ಕಳು ಎರಡೆರಡು ಸಲ ಕೇಳುತ್ತಿದ್ದರು. ಸರಾಸರಿ ಬುಟ್ಟಿ ಕಟ್ಟುವಾಗ ಮನೆಗೊಂದು ಓಟು ಅಂತ ಲೆಕ್ಕ ಹಾಕುವುದಿಲ್ಲ. ರೂಪಾಯಿಗೊಂದು ಓಟು. ಎಲ್ಲ ಮನೆಗಳ ಖರ್ಚನ್ನೂ ಒಟ್ಟು ಸೇರಿಸಿ, ಅದರಲ್ಲಿ ಯಾವುದಕ್ಕೆ ಎಷ್ಟು ಪಾಲು ಅಂತ ನೋಡುತ್ತಾರೆ. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡುವ ಮನೆ, 20,000 ಖರ್ಚು ಮಾಡುವ ಮನೆಗಿಂತ ಐದು ಪಟ್ಟು ಬುಟ್ಟಿಯನ್ನು ತನ್ನ ಕಡೆ ಎಳೆಯುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳ ಮನೆಯಲ್ಲಿ ಗಳಿಕೆಯ ಬಹುಪಾಲು ಹೊಟ್ಟೆಗೇ ಹೋಗುತ್ತದೆ. ಎಂಸಿಸಿ ಬಿ ಬ್ಲಾಕ್‌ನ ದೊಡ್ಡ ಮನೆಯಲ್ಲಿ ಊಟದ ಪಾಲು ಸಣ್ಣದು. ಇಬ್ಬರಿಗೂ ಒಂದೇ ಅಂಕಿ ಅಂದಾಗ ಆ ಅಂಕಿ ದೊಡ್ಡ ಮನೆಗೇ ಹತ್ತಿರವಾಗಿರುತ್ತದೆ. ಇದು ಅಂಕಿಯ ನಿಜವಾದ ಕೊರತೆ ಅಂತ ನಾನು ನಂಬಿದ್ದೇನೆ. ಬಡವರ ಬುಟ್ಟಿಗೆ ಬೇರೆಯದೇ ಅಂಕಿಯನ್ನು ಅಷ್ಟೇ ದೊಡ್ಡದಾಗಿ ಪ್ರಕಟಿಸಬೇಕು.

ಕೃಷಿ ಕೂಲಿಕಾರರಿಗೆ ಒಂದು ಪ್ರತ್ಯೇಕ ಸೂಚ್ಯಂಕ ಇದೆ, ನಿಜ. ಕಾರ್ಮಿಕ ಬ್ಯೂರೋ ಅದನ್ನು ತಯಾರಿಸುತ್ತದೆ. 2025ರವರೆಗೂ ಅದರ ಆಧಾರ ವರ್ಷ 1986-87 ಆಗಿತ್ತು! ಸುಮಾರು ನಾಲ್ಕು ದಶಕದ ಹಿಂದಿನ ಬುಟ್ಟಿ ಹಿಡಿದು ಇವತ್ತಿನ ಕೂಲಿಯವರ ಬದುಕು ಅಳೆದರು. ಈಗ ಅದನ್ನು 2019ಕ್ಕೆ ತಂದಿದ್ದಾರೆ. ಕೂಲಿಯವರ ವಿಷಯದಲ್ಲಿ ಇಷ್ಟು ತಡವಾಗಬಾರದಿತ್ತು.

ಈಗ 0.25 ಅನ್ನುವ ಆ ನಿರ್ದಿಷ್ಟ ಅಂಕಿಯ ಬಗ್ಗೆ. ಅದು 2012ರ ಸರಣಿಯಲ್ಲೇ ಅತಿ ಕಡಿಮೆ. ಹೇಗೆ ಬಂತು? ತರಕಾರಿಯನ್ನೇ ತೆಗೆದುಕೊಳ್ಳಿ. 2024ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 42ರಷ್ಟು ಏರಿತ್ತು. 2025ರ ಅಕ್ಟೋಬರ್‌ನಲ್ಲಿ ಶೇ. 27ಕ್ಕಿಂತ ಜಾಸ್ತಿ ಇಳಿಯಿತು. ಲೆಕ್ಕ ಹಾಕಿ ನೋಡಿ. 2023ರಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ತರಕಾರಿ 2024ರಲ್ಲಿ 142 ಆಯಿತು, 2025ರಲ್ಲಿ 103ಕ್ಕೆ ಬಂತು. ಎರಡು ವರ್ಷದಲ್ಲಿ ಮೂರು ರೂಪಾಯಿ ಏರಿಕೆ. ಆದರೆ ವರ್ಷದಿಂದ ವರ್ಷಕ್ಕೆ ಹೋಲಿಸುವ ಅಂಕಿ ಒಂದು ವರ್ಷ ಗಾಬರಿ ಹುಟ್ಟಿಸಿತು, ಮುಂದಿನ ವರ್ಷ ಎಲ್ಲ ಅಗ್ಗ ಅನ್ನುವ ಭಾವನೆ ಹುಟ್ಟಿಸಿತು. ಇದಕ್ಕೆ ಜೊತೆಯಾಗಿ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಇಳಿದಿತ್ತು. ಅಂಕಿ ನೆಲಕ್ಕೆ ಬಂತು. ಹೋದ ವರ್ಷದ ಬೆಲೆ ವಿಪರೀತ ಎತ್ತರದಲ್ಲಿದ್ದರೆ ಈ ವರ್ಷದ ಹಣದುಬ್ಬರ ತಾನಾಗೇ ಕಡಿಮೆ ಕಾಣುತ್ತದೆ. ಅದನ್ನು ಓದುವಾಗ ಯಾವಾಗಲೂ ಹಿಂದಿನ ವರ್ಷದ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಇಳಿದದ್ದೆಲ್ಲ ಇಳಿದೇ ಇರುವುದಿಲ್ಲ ಅನ್ನುವುದಕ್ಕೆ ನಂದಿನಿ ತುಪ್ಪ ಒಳ್ಳೆಯ ಉದಾಹರಣೆ. ಜಿಎಸ್‌ಟಿ ಇಳಿದಾಗ ಲೀಟರ್‌ಗೆ 650 ಇದ್ದದ್ದು 610 ಆಯಿತು. ನವೆಂಬರ್ ಮೊದಲ ವಾರದಲ್ಲಿ 700 ಆಯಿತು. ಹಾಲು 2025ರ ಏಪ್ರಿಲ್ 1ರಂದು ಲೀಟರ್‌ಗೆ 4 ರೂಪಾಯಿ ಏರಿದ್ದು ಮತ್ತೆ ಇಳಿಯಲಿಲ್ಲ. ನಿಮ್ಮ ಮನೆಗೆ ದಿನಕ್ಕೆ ಒಂದೂವರೆ ಲೀಟರ್, ತಿಂಗಳಿಗೆ 45 ಲೀಟರ್. 180 ರೂಪಾಯಿ ಏರಿಕೆ ಪುಸ್ತಕದಲ್ಲಿ ಸರಿಯಾಗಿಯೇ ಇದೆ. ಸರ್ಕಾರಿ ಬಸ್ ದರ 2025ರ ಜನವರಿ 5ರಿಂದ ಶೇ. 15 ಏರಿತು. ಶಕ್ತಿ ಯೋಜನೆಯಿಂದ ನಿಮಗೂ ಮಗಳಿಗೂ ಅದು ತಟ್ಟಲಿಲ್ಲ, ಯಜಮಾನರು ಹರಿಹರಕ್ಕೆ ಹೋದರೆ ತಟ್ಟುತ್ತದೆ. ತರಕಾರಿ ಏರುತ್ತದೆ, ಇಳಿಯುತ್ತದೆ. ಹಾಲು, ಬಸ್, ಬಾಡಿಗೆ, ಫೀಸು ಏರಿದರೆ ಅಲ್ಲೇ ಕೂರುತ್ತವೆ. ಬೆಣ್ಣೆ ದೋಸೆಯೂ ಅಷ್ಟೇ. ಬೆಣ್ಣೆ ಬೆಲೆ ಏರಿದಾಗ ದೋಸೆ ಹತ್ತು ರೂಪಾಯಿ ಜಾಸ್ತಿಯಾಗುತ್ತದೆ. ಬೆಣ್ಣೆ ಇಳಿದಾಗ ದೋಸೆ ಇಳಿದದ್ದನ್ನು ನಾನಂತೂ ನೋಡಿಲ್ಲ, ಯಾಕೆಂದರೆ ಅಷ್ಟರಲ್ಲಿ ಹೋಟೆಲಿನವರಿಗೂ ಬಾಡಿಗೆ, ಕೂಲಿ ಏರಿರುತ್ತದೆ.

ನಾವೂ ಏರಿದ್ದನ್ನು ನೆನಪಿಟ್ಟುಕೊಂಡಷ್ಟು ಇಳಿದದ್ದನ್ನು ನೆನಪಿಡುವುದಿಲ್ಲ. ರಿಸರ್ವ್ ಬ್ಯಾಂಕ್ 19 ನಗರಗಳಲ್ಲಿ ಮನೆಮನೆಗೆ ಹೋಗಿ "ನಿಮ್ಮ ಪ್ರಕಾರ ಈಗ ಬೆಲೆ ಎಷ್ಟು ಏರುತ್ತಿದೆ?" ಅಂತ ಕೇಳುತ್ತದೆ. 2025ರ ದ್ವಿತೀಯಾರ್ಧದಲ್ಲಿ ಅಧಿಕೃತ ಅಂಕಿ ಶೇ. 2ರ ಆಸುಪಾಸು ಅಥವಾ ಅದಕ್ಕಿಂತ ಕೆಳಗಿದ್ದಾಗಲೂ ಜನ ಹೇಳಿದ್ದು ಶೇ. 7ರ ಆಸುಪಾಸು. ಇದರಲ್ಲಿ ನೆನಪಿನ ಪಾಲೂ ಇದೆ, ನಿಮ್ಮ ಹಾಗೆ ಬಾಡಿಗೆ, ಫೀಸು ಕಟ್ಟುವವರ ನಿಜವಾದ ಅನುಭವದ ಪಾಲೂ ಇದೆ. ನಿಮ್ಮದು ನೆನಪಿನ ಮಾತಲ್ಲ, ಬರೆದಿಟ್ಟ ಲೆಕ್ಕ. ಅದಕ್ಕೇ ಇಷ್ಟು ಬೆಲೆ ಕೊಟ್ಟು ಓದುತ್ತಿದ್ದೇನೆ.

ಆದರೂ ನಿಮ್ಮ 6.2 ಪೂರ್ತಿ ಬೆಲೆಯೇರಿಕೆ ಅಲ್ಲ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಫಸ್ಟ್ ಪಿಯುಸಿಗೆ ಬಂದಳು ಅಂತ ಪುಟದ ಅಂಚಿನಲ್ಲಿ ಬರೆದಿದ್ದೀರಿ. ಹಾಗಾಗಿ ಓದಿನ 700 ರೂಪಾಯಿಯಲ್ಲಿ ಒಂದಷ್ಟು ಫೀಸು ಏರಿದ್ದು, ಒಂದಷ್ಟು ಮಗಳು ಮೇಲಿನ ತರಗತಿಗೆ ಹೋದದ್ದು. ಸೂಚ್ಯಂಕ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಕಾಲೇಜು, ಅದೇ ಕೋರ್ಸು, ಈ ವರ್ಷ ಎಷ್ಟು ಅಂತ ಮಾತ್ರ ಕೇಳುತ್ತದೆ. ಜೀವನವನ್ನು ನಿಂತಲ್ಲೇ ನಿಲ್ಲಿಸಿ ಬೆಲೆಯನ್ನು ಮಾತ್ರ ಓಡಿಸಿ ನೋಡುವ ಲೆಕ್ಕ ಅದು. ಆದರೆ ಮಕ್ಕಳು ಬೆಳೆಯುತ್ತಾರೆ, ಅತ್ತೆಗೆ ವಯಸ್ಸಾಗುತ್ತದೆ, ಮಾತ್ರೆ ಒಂದು ಹೆಚ್ಚಾಗುತ್ತದೆ. ನಮ್ಮ ದಾವಣಗೆರೆ ಕಾಲೇಜುಗಳ ಊರು. ಪಿಯುಸಿಗೆ ಮಕ್ಕಳನ್ನು ಇಲ್ಲಿಗೇ ಕಳಿಸುತ್ತಾರೆ. ಕೋಚಿಂಗ್ ಇಲ್ಲದೆ ಕಾಲೇಜು ಸಾಲದು ಅನ್ನುವ ವಾತಾವರಣ ಇದೆ. ಆ ಕೋಚಿಂಗ್ ಹಣ ನಿಮ್ಮ ಕೈಯಿಂದ ಹೋಗುತ್ತದೆ, ಅದನ್ನು ಬೆಲೆಯೇರಿಕೆ ಅನ್ನಲಾಗದು. ಬದುಕುವ ಖರ್ಚು ಮತ್ತು ಬೆಲೆಯೇರಿಕೆ ಬೇರೆಬೇರೆ ಆಗುವುದು ಇಲ್ಲೇ.

ಸರಿ, 700ನ್ನು ಪೂರ್ತಿ ಬಿಟ್ಟೇ ಬಿಡೋಣ. ಉಳಿಯುವ ಏರಿಕೆ 680 ರೂಪಾಯಿ, ಶೇ. 3. ಅದೂ ದೇಶದ ಅಂಕಿಗಿಂತ ಹನ್ನೆರಡು ಪಟ್ಟು. ನಿಮ್ಮ ಮನೆಯ ನಿಜವಾದ ಬೆಲೆಯೇರಿಕೆ 3ರಿಂದ 6ರ ನಡುವೆ ಎಲ್ಲೋ ಇದೆ. ಅದೇ ತಿಂಗಳು ದೇಶದ ಲೆಕ್ಕದಲ್ಲಿ ಬಾಡಿಗೆ, ಶಿಕ್ಷಣ, ಆರೋಗ್ಯ ಮೂರೂ ಶೇ. 3ರಿಂದ 4ರ ದರದಲ್ಲಿ ಏರುತ್ತಿದ್ದವು. ಒಟ್ಟು ಅಂಕಿಯ ಕೆಳಗೆ ಅವು ಮುಚ್ಚಿಹೋಗಿದ್ದವು.

ರೇಷನ್ ಅಕ್ಕಿ ಬರುತ್ತದೆ, ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಇಲ್ಲ ಅಂತಲೂ ಬರೆದಿದ್ದೀರಿ. ಪುಕ್ಕಟೆ ಸಿಗುವುದಕ್ಕೆ ಬೆಲೆ ಇಲ್ಲ, ಸೂಚ್ಯಂಕ ಬೆಲೆ ಇರುವುದನ್ನು ಮಾತ್ರ ಅಳೆಯುತ್ತದೆ. ಆದ್ದರಿಂದ ಈ ಎರಡು ನಿಮ್ಮ ಮನೆಗೆ ಕೊಟ್ಟ ಆಸರೆ ಹಣದುಬ್ಬರದ ಅಂಕಿಯಲ್ಲಿ ನೇರವಾಗಿ ಕಾಣುವುದಿಲ್ಲ. ಇವು ಇಲ್ಲದಿದ್ದರೆ ನಿಮ್ಮ ಪುಸ್ತಕದ ಮೊತ್ತ ಬೇರೆಯೇ ಇರುತ್ತಿತ್ತು. ಗೃಹಲಕ್ಷ್ಮಿಯ 2,000 ಮಾತ್ರ ಬೇರೆ ಥರ. ಅದು ಕೈಗೆ ಬರುವ ಹಣ. 2023ರ ಆಗಸ್ಟ್‌ನಲ್ಲಿ ಶುರುವಾದಾಗ 2,000, ಇವತ್ತೂ 2,000. ಆಗ ಸೂಚ್ಯಂಕ 186 ಇತ್ತು, 2025ರ ಅಕ್ಟೋಬರ್‌ನಲ್ಲಿ 197. ಆ ಲೆಕ್ಕದಲ್ಲಿ ಅಂದಿನ 2,000ದ ಕೊಳ್ಳುವ ಶಕ್ತಿ 1,900ಕ್ಕಿಂತ ಸ್ವಲ್ಪ ಕೆಳಗೆ ಬಂದಿದೆ. ಸೂಚ್ಯಂಕಕ್ಕೆ ಕಟ್ಟಿರದ ಯಾವ ಮೊತ್ತವೂ ಹೀಗೆ ಸದ್ದಿಲ್ಲದೆ ಕರಗುತ್ತದೆ.

ಇಲ್ಲಿಂದ ಸಂಬಳದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ.

ಮಾಲೀಕರು ಒಂದು ವರ್ಷದ ಅಂಕಿ ಹೇಳಿದರು. ಆದರೆ ಸಂಬಳ 18,000 ಇದ್ದದ್ದು 2020ರ ಜನವರಿಯಲ್ಲಿ. ಹಾಗಾದರೆ ಸೂಚ್ಯಂಕವನ್ನೂ ಆಗಿನಿಂದಲೇ ಓದಬೇಕು ಅಲ್ವಾ? 2020ರ ಜನವರಿಯಲ್ಲಿ ಅದು 150. 2025ರ ಅಕ್ಟೋಬರ್‌ನಲ್ಲಿ 197. ಐದೂ ಮುಕ್ಕಾಲು ವರ್ಷದಲ್ಲಿ ಶೇ. 31ರಷ್ಟು ಏರಿಕೆ. ಆವತ್ತಿನ 18,000 ಕೊಳ್ಳುತ್ತಿದ್ದಷ್ಟನ್ನೇ ಕೊಳ್ಳಲು ಈಗ 23,600 ಬೇಕು. ಯಜಮಾನರಿಗೆ ಸಿಗುತ್ತಿರುವುದು 22,000. ಅಂದರೆ ಸರ್ಕಾರದ ಲೆಕ್ಕದ ಪ್ರಕಾರವೇ ಅವರ ಸಂಬಳ ತಿಂಗಳಿಗೆ 1,600 ರೂಪಾಯಿ ಹಿಂದೆ ಬಿದ್ದಿದೆ. ಇದು ಏರಿಕೆ ಕೇಳಿದ್ದಲ್ಲ, ಹಳೆಯ ಜಾಗಕ್ಕೆ ಮರಳಿಸಿ ಅಂತ ಕೇಳಿದ್ದು. ಹಣದುಬ್ಬರ ಇಳಿಯಿತು ಅಂದರೆ ಬೆಲೆ ಇಳಿಯಿತು ಅಂತ ಅಲ್ಲ, ಏರುವ ವೇಗ ಇಳಿಯಿತು ಅಂತ. ಈಗಾಗಲೇ ಹತ್ತಿದ ಮೆಟ್ಟಿಲು ಹತ್ತಿದ ಹಾಗೇ ಇದೆ.

ಸರ್ಕಾರಿ ನೌಕರರಿಗೆ ಈ ಚಿಂತೆ ಕಡಿಮೆ. ಕೈಗಾರಿಕಾ ಕಾರ್ಮಿಕರ ಸೂಚ್ಯಂಕ ನೋಡಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಗೆ, ತುಟ್ಟಿಭತ್ಯೆ ಲೆಕ್ಕ ಆಗುತ್ತದೆ. ಮಂಡಿಯಲ್ಲಿ ಲೆಕ್ಕ ಬರೆಯುವವರಿಗೆ, ಬಟ್ಟೆ ಅಂಗಡಿಯಲ್ಲಿ ನಿಂತಿರುವವರಿಗೆ, ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಅಂಥ ಏರ್ಪಾಡು ತಾನಾಗಿ ಸಿಗುವುದಿಲ್ಲ. ಆದರೆ ಒಂದು ಹಿಡಿತ ಇದೆ. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಕನಿಷ್ಠ ವೇತನ ಗೊತ್ತುಮಾಡಿದ್ದಾರೆ. ಅದರ ತುಟ್ಟಿಭತ್ಯೆಯನ್ನು ಸೂಚ್ಯಂಕದ ಆಧಾರದ ಮೇಲೆ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಿಸುತ್ತಾರೆ. ಯಜಮಾನರ ಕೆಲಸ ಯಾವ ದರ್ಜೆಗೆ ಬರುತ್ತದೆ, ಈಗಿನ ದರ ಎಷ್ಟು ಅಂತ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ಬರಲಿ. ಸಂಬಳದ ಮಾತಿಗೆ ಹೋಗುವ ಮುಂಚೆ ಅದು ಕೈಯಲ್ಲಿರಬೇಕು.

ಮಾಲೀಕರ ಕಡೆಯಿಂದಲೂ ಒಂದು ಮಾತು ಹೇಳಬೇಕು, ಯಾಕೆಂದರೆ ಅದು ನಮ್ಮ ಊರಿನದೇ ಕಥೆ. 2025ರಲ್ಲಿ ದೇಶದ ಹಣದುಬ್ಬರ ಇಳಿಸಿದ್ದು ಮುಖ್ಯವಾಗಿ ರೈತರ ಮಾಲಿನ ಬೆಲೆ. ಅದೇ ಹಂಗಾಮಿನಲ್ಲಿ ಜಗಳೂರು, ದಾವಣಗೆರೆ, ಚಿತ್ರದುರ್ಗದ ಕಡೆಯ ರೈತರು ಈರುಳ್ಳಿಗೆ ಬೆಲೆ ಇಲ್ಲ, ಮೆಕ್ಕೆಜೋಳಕ್ಕೆ ಬೆಲೆ ಇಲ್ಲ ಅಂತ ಬೀದಿಗೆ ಇಳಿದಿದ್ದರು. ಮೆಕ್ಕೆಜೋಳಕ್ಕೆ ಆಗ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇತ್ತು; ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಹೋಗುತ್ತಿತ್ತು. ನಿಮ್ಮ ತರಕಾರಿ ಖರ್ಚಿನಲ್ಲಿ ಉಳಿದ 400 ರೂಪಾಯಿಯಲ್ಲಿ ಒಂದಷ್ಟು ಯಾರೋ ರೈತನ ನಷ್ಟ. ಮಾಲಿನ ಬೆಲೆ ಬಿದ್ದರೆ ದಲಾಲಿಯೂ ಬೀಳುತ್ತದೆ, ಯಾಕೆಂದರೆ ಅದು ವಹಿವಾಟಿನ ಮೊತ್ತದ ಮೇಲೆ ಸಿಗುವ ಹಣ. ಹಾಗಾಗಿ ಮಂಡಿಯ ಆದಾಯ ನಿಜಕ್ಕೂ ಕಡಿಮೆಯಾಗಿರಬಹುದು. "ಈ ವರ್ಷ ವ್ಯಾಪಾರ ಇಲ್ಲ" ಅಂತ ಅವರು ಹೇಳಿದರೆ ಅದು ಮಾತಾಡುವ ವಿಷಯ, ಕೂತು ಮಾತಾಡಿ. "ಬೆಲೆ ಏರಿಲ್ಲ" ಅನ್ನುವುದನ್ನು ಮಾತ್ರ ಒಪ್ಪಬೇಡಿ.

ಇನ್ನು ಮುಂದೆ ಬರುವ ಅಂಕಿಗಳು ಹೊಸ ಸರಣಿಯವು. 2026ರ ಫೆಬ್ರವರಿ 12ರಂದು 2024ನ್ನು ಆಧಾರ ವರ್ಷ ಮಾಡಿಕೊಂಡ ಸೂಚ್ಯಂಕ ಬಂತು. ಜನವರಿಯ ಹಣದುಬ್ಬರ ಅದರ ಪ್ರಕಾರ ಶೇ. 2.75. ಬುಟ್ಟಿಯ ವಸ್ತುಗಳು 299ರಿಂದ 358ಕ್ಕೆ ಏರಿವೆ. ಟೇಪ್ ರೆಕಾರ್ಡರ್, ವಿಸಿಡಿ ಪ್ಲೇಯರ್ ಹೋಗಿವೆ. ಒಟಿಟಿ ಚಂದಾ ಬಂದಿದೆ. ಹಳ್ಳಿಯ ಮನೆ ಬಾಡಿಗೆಯೂ ಸೇರಿದೆ, ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಆಹಾರದ ತೂಕ 45.86ರಿಂದ 36.75ಕ್ಕೆ ಇಳಿದಿದೆ. ಇದರಿಂದ ನಿಮ್ಮಂಥ ಮನೆಗೆ ಅಂಕಿ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಭಟ್ಟಿಯ ಹೆಣ್ಣುಮಗಳ ಮನೆಯಿಂದ ಇನ್ನಷ್ಟು ದೂರ ಹೋಗುತ್ತದೆ. ಈರುಳ್ಳಿ, ಬೇಳೆ ಮತ್ತೆ ಏರುವ ವರ್ಷ ಬಂದಾಗ ಈ ಸೂಚ್ಯಂಕ ಮೊದಲಿನಷ್ಟು ಜೋರಾಗಿ ಕೂಗುವುದಿಲ್ಲ. ಅವಳ ತಟ್ಟೆಗೆ ಬೀಳುವ ಪೆಟ್ಟು ಮಾತ್ರ ಮೊದಲಿನಷ್ಟೇ ಇರುತ್ತದೆ. ನನ್ನ ಚಿಂತೆ ಅದು.

ನಿಮ್ಮ ಪುಸ್ತಕ ಹೀಗೇ ಮುಂದುವರಿಸಿ. ಒಂದೇ ಬದಲಾವಣೆ: ಮೊತ್ತದ ಪಕ್ಕ ಪ್ರಮಾಣವನ್ನೂ ಬರೆಯಿರಿ. ಎಣ್ಣೆ ಎಷ್ಟು ಲೀಟರ್, ಬೇಳೆ ಎಷ್ಟು ಕೆಜಿ, ಮಾತ್ರೆ ಎಷ್ಟು ಸ್ಟ್ರಿಪ್. ಖರ್ಚು ಏರಿದ್ದು ಬೆಲೆಯಿಂದಲೋ ಬಳಕೆಯಿಂದಲೋ ಅಂತ ಆಗ ಬಿಡಿಸಿ ಹೇಳಬಹುದು. ಹೋಲಿಕೆ ಯಾವಾಗಲೂ ಹಿಂದಿನ ವರ್ಷದ ಅದೇ ತಿಂಗಳ ಜೊತೆ ಮಾಡಿ. ಜೂನ್‌ನಲ್ಲಿ ಫೀಸು ಕಟ್ಟಿದ್ದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಹಂಚಿದ್ದೀರಲ್ಲ, ಅದು ಸರಿಯಾದ ಕ್ರಮ, ಹಾಗೇ ಮಾಡಿ. ಬಾಡಿಗೆಯ ಜೊತೆ ಅಡ್ವಾನ್ಸ್ ಏರಿಸಿದ್ದರೆ ಅದನ್ನು ಬೇರೆ ಕಡೆ ಬರೆಯಿರಿ, ಅದು ಮರಳಿ ಬರುವ ಹಣ.

ಯಜಮಾನರು ಮಾಲೀಕರ ಹತ್ತಿರ ಮತ್ತೆ ಮಾತಿಗೆ ಹೋಗುವಾಗ ಒಂದು ಎಚ್ಚರ. ಹೊಸ ಸರಣಿಯಲ್ಲಿ 2024ಕ್ಕೆ 100 ಅಂತ ಇಟ್ಟಿರುವುದರಿಂದ ಈಗಿನ ಸೂಚ್ಯಂಕ ನೂರರ ಸ್ವಲ್ಪ ಮೇಲೆ ಕಾಣುತ್ತದೆ. ಅದನ್ನು 2020ರ 150ರ ಜೊತೆ ನೇರವಾಗಿ ಹೋಲಿಸಿದರೆ ಬೆಲೆ ಬಿದ್ದಂತೆ ಕಾಣಿಸುತ್ತದೆ, ಅದು ತಪ್ಪು. ಎರಡೂ ಸರಣಿ ಜೋಡಿಸಲು ಒಂದು ಗುಣಕವನ್ನು ಸಾಂಖ್ಯಿಕ ಕಚೇರಿ ಕೊಟ್ಟಿದೆ, ಹೊಸ ಅಂಕಿಯನ್ನು ಅದರಿಂದ ಗುಣಿಸಿಯೇ ಹೋಲಿಸಬೇಕು. ಅಷ್ಟು ತೊಂದರೆ ಬೇಡ ಅನಿಸಿದರೆ ಸದ್ಯಕ್ಕೆ ಹಳೆಯ ಸರಣಿಯ 150 ಮತ್ತು 197 ಎರಡನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು, ಕೆಳಗೆ 18,000 ಮತ್ತು 23,600 ಅಂತ ಬರೆದು ತೋರಿಸಲಿ. ಲೆಕ್ಕ ಬರೆಯುವವರು ಲೆಕ್ಕ ಬಲ್ಲ ಮಾಲೀಕರಿಗೆ ತೋರಿಸುವುದು. ಅಷ್ಟು ಸಾಕಾಗುತ್ತದೆ.